ಜಗಲಿಯೋ ಜಾತ್ರೆಯೋ: ವಿಕೇಂದ್ರೀಕೃತ ಸೋಷಿಯಲ್ ಮೀಡಿಯಾದಲ್ಲಿ ಬಿಡಾರ ಎಲ್ಲಿ ಹೂಡಬೇಕು?

ಒಂದೇ ಕಂಪನಿಯ ಕೈಯಲ್ಲಿರದೆ, ಹಲವರು ನಡೆಸುವ ಸರ್ವರ್‌ಗಳು ಸೇರಿ ಆದ ಮ್ಯಾಸ್ಟೊಡಾನ್‌ನಂಥ ಜಾಲಗಳು ಗೊತ್ತಿದ್ದವರ ಕೂಟವಾಗಿ ಸಣ್ಣದಾಗಿಯೇ ಉಳಿದರೆ ಚೆನ್ನವೋ, ಊರಿಗೆ ಊರೇ ಬಂದು ಸೇರಿದರೆ ಚೆನ್ನವೋ ಎಂಬ ಜಗಳ ಇವತ್ತಿನದಲ್ಲ. ಸಣ್ಣದಾಗಿರಲಿ ಎನ್ನುವವರು ಟ್ವಿಟರ್‌ನ ಬೈಗುಳದ ಸಂತೆಯನ್ನು ತೋರಿಸುತ್ತಾರೆ. ಬೆಳೆಯಲಿ ಎನ್ನುವವರು, ನಾಲ್ಕೇ ಜನ ಕೂತು ಮಾತಾಡುವುದಕ್ಕೆ ವಾಟ್ಸಾಪ್ ಗುಂಪು ಸಾಲದೇ ಎಂದು ಕೇಳುತ್ತಾರೆ. ಇಬ್ಬರೂ ಮೂರು ಬೇರೆ ಬೇರೆ ಪ್ರಶ್ನೆಗಳನ್ನು ಒಂದೇ ಗಂಟಿನಲ್ಲಿ ಕಟ್ಟಿಬಿಡುತ್ತಾರೆ: ಪ್ರೊಟೊಕಾಲ್ (ಯಂತ್ರಗಳು ಪರಸ್ಪರ ಮಾತಾಡುವ ನಿಯಮ) ಎಷ್ಟು ಜನರದ್ದಾಗಿರಬೇಕು, ಸರ್ವರ್ (ಖಾತೆಗಳು ಇರುವ ಯಂತ್ರ) ಎಷ್ಟು ಜನರದ್ದಾಗಿರಬೇಕು, ನಿಮ್ಮ ಮಾತು ಎಷ್ಟು ಜನಕ್ಕೆ ತಲುಪಬೇಕು. ಮೊಬೈಲ್ ನೆಟ್‌ವರ್ಕ್ ಕೋಟಿಗಟ್ಟಲೆ ಜನರದ್ದು. ನಿಮ್ಮ ಫೋನಿನಲ್ಲಿರುವ ನಂಬರುಗಳು ಇನ್ನೂರು. ನೀವು ದಿನಾ ಮಾತಾಡುವುದು ಐದು ಜನರ ಜೊತೆ. ಮೂರರ ನಡುವೆ ಜಗಳವೇನೂ ಇಲ್ಲ.

ಕನ್ನಡದವರಿಗೆ ಮಾತ್ರ ಒಂದು ಹೆಚ್ಚಿನ ತೊಡಕಿದೆ. ಈ ಜಾಲಗಳಲ್ಲಿ ಕನ್ನಡದಲ್ಲಿ ಬರೆಯುವವರು ಮೊದಲೇ ಕಡಿಮೆ. ಆ ಕಡಿಮೆಯನ್ನೂ ಬಾಗಿಲು ಹಾಕಿಕೊಂಡ ಹತ್ತು ಸರ್ವರ್‌ಗಳಿಗೆ ಹಂಚಿದರೆ ಎಲ್ಲೂ ಮಾತು ಕುದುರುವುದಿಲ್ಲ. ಹಾಗಾಗಿ ನಮ್ಮ ನಿಲುವನ್ನು ಮೊದಲೇ ಹೇಳಿಬಿಡುತ್ತೇವೆ: ಪ್ರೊಟೊಕಾಲ್ ಜಾತ್ರೆಯಷ್ಟು ದೊಡ್ಡದಿರಲಿ, ಸರ್ವರ್ ಜಗಲಿಯಷ್ಟಿರಲಿ, ಜಗಲಿಗೆ ಬೀದಿಯ ಕಡೆ ಬಾಗಿಲಿರಲಿ. ಇದು ಎಲ್ಲರಿಗೂ ಹೊಂದುವುದಿಲ್ಲ. ಯಾರಿಗೆ ಹೊಂದುವುದಿಲ್ಲ ಎನ್ನುವುದು ಮುಂದೆ ಬರುತ್ತದೆ.

ಎದುರಿಗಿರುವ ನಾಲ್ಕು ದಾರಿ

ಮ್ಯಾಸ್ಟೊಡಾನ್ 2016ರಲ್ಲಿ ಜರ್ಮನಿಯ ಯೂಜೆನ್ ರೋಚ್ಕೊ ಅವರಿಂದ ಶುರುವಾಯಿತು. ಅದು ಮಾತಾಡುವುದು ಆಕ್ಟಿವಿಟಿಪಬ್ ಎಂಬ ಪ್ರೊಟೊಕಾಲ್‌ನಲ್ಲಿ. ವೆಬ್‌ನ ಮಾನಕಗಳನ್ನು ರೂಪಿಸುವ ಡಬ್ಲ್ಯೂ3ಸಿ ಸಂಸ್ಥೆ ಅದನ್ನು 2018ರ ಜನವರಿಯಲ್ಲಿ ಮಾನಕವಾಗಿ ಒಪ್ಪಿತು. ಯಾರು ಬೇಕಾದರೂ ಸರ್ವರ್ ಹಾಕಬಹುದು, ಒಂದು ಸರ್ವರ್‌ನವರು ಇನ್ನೊಂದರವರನ್ನು ಫಾಲೋ ಮಾಡಬಹುದು. ಚಿತ್ರಗಳ ಪಿಕ್ಸೆಲ್‌ಫೆಡ್, ವಿಡಿಯೊದ ಪಿಯರ್‌ಟ್ಯೂಬ್, ಚರ್ಚೆಯ ಲೆಮ್ಮಿ ಇದೇ ಬಳಗದವು. ಎಲ್ಲ ಸೇರಿ ಫೆಡಿವರ್ಸ್.

ಬ್ಲೂಸ್ಕೈ ಟ್ವಿಟರ್‌ನೊಳಗಿನ ಯೋಜನೆಯಾಗಿ 2019ರಲ್ಲಿ ಘೋಷಣೆಯಾಗಿ, ಆಮೇಲೆ ಬೇರೆ ಕಂಪನಿಯಾಯಿತು. 2024ರ ಫೆಬ್ರುವರಿವರೆಗೆ ಆಹ್ವಾನ ಇದ್ದವರಿಗಷ್ಟೇ ಒಳಗೆ ಬಿಡುತ್ತಿತ್ತು. ಅದೇ ವರ್ಷದ ನವೆಂಬರ್‌ನಲ್ಲಿ 2 ಕೋಟಿ ಖಾತೆ ದಾಟಿತು. ಅದರ ಎಟಿ ಪ್ರೊಟೊಕಾಲ್‌ನಲ್ಲಿ ಕೆಲಸ ಮೂರು ಕಡೆ ಹಂಚಿಕೆಯಾಗಿದೆ: ನಿಮ್ಮ ಬರಹ ಇಟ್ಟುಕೊಳ್ಳುವ ಪಿಡಿಎಸ್, ಎಲ್ಲರ ಬರಹವನ್ನೂ ಒಟ್ಟುಗೂಡಿಸಿ ಹರಿಸುವ ರಿಲೇ, ಅದನ್ನು ಫೀಡ್ ಮಾಡಿ ತೋರಿಸುವ ಆ್ಯಪ್‌ವ್ಯೂ. ಮೊದಲಿನದನ್ನು ಮನೆಯಲ್ಲೇ ನಡೆಸುವುದು ಸುಲಭ. ಕೊನೆಯದು ಪೂರಾ ಜಾಲದ ಲೆಕ್ಕ ಇಟ್ಟುಕೊಳ್ಳಬೇಕಾದ್ದರಿಂದ ದುಬಾರಿ. ಹಾಗಾಗಿ ಕಾಗದದ ಮೇಲೆ ವಿಕೇಂದ್ರೀಕೃತವಾದರೂ, ಹೆಚ್ಚಿನವರ ಖಾತೆಗಳು ಇರುವುದು ಒಂದೇ ಕಂಪನಿಯ ಯಂತ್ರಗಳಲ್ಲಿ. ಬ್ಲಾಕ್‌ಸ್ಕೈ ಎಂಬ ಕಪ್ಪುವರ್ಣೀಯರ ಸಮುದಾಯ ತನ್ನದೇ ಪಿಡಿಎಸ್, ತನ್ನದೇ ರಿಲೇ, ತನ್ನದೇ ಮಾಡರೇಷನ್ (ಬೈಗುಳ, ಕಸ ತಡೆಯುವ ಕಾವಲು) ಕಟ್ಟಿಕೊಂಡು ಇದರಿಂದ ಹೊರಬರುವ ದಾರಿ ತೋರಿಸಿದೆ. ಭಾಷೆಯ ಸಮುದಾಯಗಳು ಗಮನಿಸಬೇಕಾದ ಪ್ರಯೋಗ ಅದು.

ಮೆಟಾದ ಥ್ರೆಡ್ಸ್ 2023ರ ಜುಲೈನಲ್ಲಿ ಬಂತು, ಐದೇ ದಿನದಲ್ಲಿ 10 ಕೋಟಿ ಖಾತೆ ಕಂಡಿತು. 2024ರ ಮಾರ್ಚ್‌ನಿಂದ ಹಂತಹಂತವಾಗಿ ಆಕ್ಟಿವಿಟಿಪಬ್‌ಗೆ ಕಿಟಕಿ ತೆರೆದಿದೆ. ಬಾಗಿಲು ಅಲ್ಲ, ಕಿಟಕಿ: ಬಳಕೆದಾರರು ಸೆಟ್ಟಿಂಗ್ಸ್‌ನಲ್ಲಿ ತಾವೇ ಹಂಚಿಕೆಯನ್ನು ಆನ್ ಮಾಡಿದರೆ ಮಾತ್ರ ಅವರ ಪೋಸ್ಟ್ ಹೊರಗೆ ಕಾಣುತ್ತದೆ, ಫಾಲೋವರ್‌ಗಳ ಸಮೇತ ಗಂಟುಮೂಟೆ ಕಟ್ಟಿ ಬೇರೆ ಸರ್ವರ್‌ಗೆ ಹೊರಡುವ ಸೌಲಭ್ಯ ಇಲ್ಲ. ಮೆಟಾದ ಭಯಕ್ಕೆ ಎಷ್ಟೋ ಮ್ಯಾಸ್ಟೊಡಾನ್ ಸರ್ವರ್‌ಗಳು ಥ್ರೆಡ್ಸನ್ನು ಮೊದಲೇ ಬ್ಲಾಕ್ ಮಾಡಿಟ್ಟಿವೆ.

ನಾಲ್ಕನೆಯದು ನಾಸ್ಟರ್. ಇಲ್ಲಿ ಖಾತೆ ಎಂದರೆ ಒಂದು ಜೋಡಿ ಕೀಲಿ. ಗುಟ್ಟಿನ ಕೀಲಿ ಕಳೆದರೆ ‘ಪಾಸ್‌ವರ್ಡ್ ಮರೆತಿರಾ’ ಎಂದು ಕೇಳುವವರಿಲ್ಲ, ಕದ್ದರೆ ವಾಪಸ್ ಪಡೆಯುವ ದಾರಿಯೂ ಇಲ್ಲ. ಸಾಹಿತ್ಯ ಪರಿಷತ್ತಿನ ಹಿರಿಯ ಸದಸ್ಯರಿಗೆ ಇದನ್ನು ಕೊಟ್ಟು ನೋಡುವ ಧೈರ್ಯ ನಮಗಿಲ್ಲ. ಮುಂದೆ ಇದರ ಮಾತು ಬರುವುದಿಲ್ಲ.

ಜನ ನುಗ್ಗಿದಾಗ ಏನು ಮುರಿಯುತ್ತದೆ

2022ರ ಅಕ್ಟೋಬರ್ 27ರಂದು ಟ್ವಿಟರ್ ಇಲಾನ್ ಮಸ್ಕ್ ಕೈಗೆ ಹೋಯಿತು. ನಂತರದ ವಾರಗಳಲ್ಲಿ ಮ್ಯಾಸ್ಟೊಡಾನ್ ಸರ್ವರ್‌ಗಳು ಏದುಸಿರು ಬಿಟ್ಟವು. ಅದಕ್ಕೆ ಕಾರಣ ಪ್ರೊಟೊಕಾಲ್‌ನ ಒಳಗೇ ಇದೆ. ನೀವು ಒಂದು ಪೋಸ್ಟ್ ಹಾಕಿದರೆ, ನಿಮ್ಮ ಫಾಲೋವರ್‌ಗಳಿರುವ ಪ್ರತಿಯೊಂದು ಸರ್ವರ್‌ಗೂ ಅದನ್ನು ಒಂದು ಸಲ ಮುಟ್ಟಿಸಬೇಕು. 5,000 ಫಾಲೋವರ್‌ಗಳು 800 ಸರ್ವರ್‌ಗಳಲ್ಲಿ ಹರಡಿದ್ದರೆ ಒಂದು ಪೋಸ್ಟ್‌ಗೆ 800 ರವಾನೆ. ಅದೇ 5,000 ಜನ 20 ಸರ್ವರ್‌ಗಳಲ್ಲಿದ್ದರೆ 20 ರವಾನೆ ಸಾಕು. ಈ ರವಾನೆಗಳು ಸೈಡ್‌ಕಿಕ್ ಎಂಬ ಭಾಗದಲ್ಲಿ ಸರದಿ ನಿಲ್ಲುತ್ತವೆ. ಸರದಿ ಉದ್ದವಾದರೆ ಬೆಳಗ್ಗೆ ಹಾಕಿದ ಪೋಸ್ಟ್ ಸಂಜೆಗೆ ತಲುಪುತ್ತದೆ. ಬಳಕೆದಾರರು ‘ಹಾಳಾಗಿದೆ’ ಎನ್ನುತ್ತಾರೆ, ಸರ್ವರ್ ನಡೆಸುವ ಅಡ್ಮಿನ್‌ಗೆ ಮಾತ್ರ ಅದು ಹಾಳಾಗಿಲ್ಲ, ಕ್ಯೂನಲ್ಲಿದೆ ಎಂದು ಗೊತ್ತಿರುತ್ತದೆ.

ಯಂತ್ರದ ತೊಂದರೆಗೆ ದುಡ್ಡು ಹಾಕಿದರೆ ಆಯಿತು. ಮಾಡರೇಷನ್ ತೊಂದರೆ ಹಾಗಲ್ಲ. 2024ರ ಫೆಬ್ರುವರಿಯಲ್ಲಿ ಫೆಡಿವರ್ಸ್‌ನಲ್ಲಿ ಒಂದು ದೊಡ್ಡ ಸ್ಪ್ಯಾಮ್ ಅಲೆ ಎದ್ದಿತು. ಸ್ಪ್ಯಾಮ್ ಹೊರಟದ್ದು ದೊಡ್ಡ ಸರ್ವರ್‌ಗಳಿಂದಲ್ಲ. ನೋಂದಣಿ ತೆರೆದಿಟ್ಟು ಯಾರೂ ನೋಡಿಕೊಳ್ಳದೆ ಬಿಟ್ಟ ನೂರಾರು ಪುಟ್ಟ ಸರ್ವರ್‌ಗಳಲ್ಲಿ ತಂತಾನೇ ಖಾತೆ ತೆರೆದು ಅಲ್ಲಿಂದ ಎಲ್ಲೆಡೆಗೆ ಕಸ ಸುರಿದರು. ಆಮೇಲೆ ಮ್ಯಾಸ್ಟೊಡಾನ್ ತಂತ್ರಾಂಶ ಬದಲಾಯಿತು: ಹೊಸ ಸರ್ವರ್‌ನಲ್ಲಿ ಒಪ್ಪಿಗೆ ಇಲ್ಲದೆ ಯಾರೂ ಸೇರುವಂತಿಲ್ಲ ಎನ್ನುವುದೇ ಮೊದಲ ಸೆಟ್ಟಿಂಗ್, ಮಾಡರೇಟರ್‌ಗಳು ವಾರದವರೆಗೆ ತಲೆ ಹಾಕದಿದ್ದರೆ ತೆರೆದ ನೋಂದಣಿ ತಾನೇ ಒಪ್ಪಿಗೆ ಕೇಳುವ ಸ್ಥಿತಿಗೆ ಬರುತ್ತದೆ. ‘ಸಣ್ಣದು ಸುರಕ್ಷಿತ’ ಎಂಬ ನಂಬಿಕೆಗೆ ಇದಕ್ಕಿಂತ ದೊಡ್ಡ ಏಟು ಬೇರೆ ಬೇಕಿಲ್ಲ. ಸುರಕ್ಷಿತವಾಗಿರುವುದು ಯಾರಾದರೂ ಕಾಯುತ್ತಿರುವ ಸರ್ವರ್ ಮಾತ್ರ.

ಭಾಷೆಗಳ ವಿಷಯಕ್ಕೆ ಬಂದರೆ ಜಪಾನ್ ಕಲಿಸಿದ ಪಾಠ ಬೇರೆ. 2017ರ ಏಪ್ರಿಲ್‌ನಲ್ಲಿ ಅಲ್ಲಿನವರು ಗುಂಪುಗುಂಪಾಗಿ ಮ್ಯಾಸ್ಟೊಡಾನ್‌ಗೆ ಬಂದರು. ಚಿತ್ರಕಾರರ ತಾಣ ಪಿಕ್ಸಿವ್, ಪಾವೂ ಎಂಬ ಸರ್ವರ್ ಶುರುಮಾಡಿತು. ಅಲ್ಲಿ ಹಾಕುತ್ತಿದ್ದ ಕೆಲವು ಬಗೆಯ ಚಿತ್ರಗಳು ಜಪಾನಿನಲ್ಲಿ ನಡೆಯುತ್ತಿದ್ದರೂ ಯುರೋಪಿನ ಕಾನೂನಿಗೆ ಒಗ್ಗದವು. ಅಲ್ಲಿನ ಹಲವು ಸರ್ವರ್‌ಗಳು ಪಾವೂವನ್ನು ಬ್ಲಾಕ್ ಮಾಡಿದವು. ಒಂದೇ ಪ್ರೊಟೊಕಾಲ್ ಇದ್ದರೂ ಒಂದೇ ಅಂಗಳ ಆಗಲಿಲ್ಲ. 2024ರ ಆಗಸ್ಟ್ ಕೊನೆಯಲ್ಲಿ ಬ್ರೆಜಿಲ್‌ನಲ್ಲಿ ಎಕ್ಸ್ (ಹಿಂದಿನ ಟ್ವಿಟರ್) ನಿರ್ಬಂಧವಾದಾಗ ಕೆಲವೇ ದಿನಗಳಲ್ಲಿ 20 ಲಕ್ಷಕ್ಕೂ ಹೆಚ್ಚು ಮಂದಿ ಬ್ಲೂಸ್ಕೈಗೆ ಹಾರಿದರು. ಜನ ಜಾಲ ಬದಲಿಸುವುದು ಒಬ್ಬೊಬ್ಬರಾಗಿ ಅಲ್ಲ, ಭಾಷೆಯ ಗುಂಪಾಗಿ.

ನಮ್ಮಲ್ಲೂ ಅಂಥ ಒಂದು ಕ್ಷಣ ಬಂದುಹೋಗಿದೆ. 2019ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್‌ನ ಹಿರಿಯ ವಕೀಲ ಸಂಜಯ್ ಹೆಗ್ಡೆ ಅವರ ಟ್ವಿಟರ್ ಖಾತೆ ಅಮಾನತಾಯಿತು. ನಾಜಿ ಸೆಲ್ಯೂಟ್ ಮಾಡದೆ ಕೈಕಟ್ಟಿ ನಿಂತ ಆಗಸ್ಟ್ ಲಾಂಡ್‌ಮೆಸರ್ ಎಂಬ ಜರ್ಮನ್ನನ ಹಳೆಯ ಫೋಟೊ ಅದಕ್ಕೆ ನೆಪ. ಸಿಟ್ಟಿಗೆದ್ದ ಭಾರತೀಯರು ಮ್ಯಾಸ್ಟೊಡಾನ್‌ನಲ್ಲಿ ಖಾತೆ ತೆರೆದರು, ಅವರಲ್ಲಿ ಬಹಳ ಮಂದಿ ತಿಂಗಳೊಳಗೆ ಟ್ವಿಟರ್‌ಗೇ ಮರಳಿದರು. ಬಂದವರನ್ನು ಅವರ ಭಾಷೆಯಲ್ಲಿ ಬರಮಾಡಿಕೊಳ್ಳುವ ಮನೆ ಸಿದ್ಧವಿರಲಿಲ್ಲ. ಮುಂದಿನ ಅಲೆ ಯಾವಾಗ ಏಳುತ್ತದೋ ಯಾರಿಗೂ ಗೊತ್ತಿಲ್ಲ. ಎದ್ದಾಗ ಮನೆ ಕಟ್ಟಲು ಹೊರಟರೆ ತಡವಾಗಿರುತ್ತದೆ.

ಸಣ್ಣದಾಗಿ ಉಳಿದರೆ ಏನು ಮುರಿಯುತ್ತದೆ

ಮೊದಲನೆಯದು ಮೌನ. ಮ್ಯಾಸ್ಟೊಡಾನ್‌ನಲ್ಲಿ ನಿಮ್ಮ ಸರ್ವರ್‌ಗೆ ಬರುವುದು, ಆ ಸರ್ವರ್‌ನಲ್ಲಿ ಯಾರಾದರೂ ಫಾಲೋ ಮಾಡಿದವರ ಪೋಸ್ಟ್‌ಗಳು. ಹತ್ತು ಜನರ ಸರ್ವರ್‌ನಲ್ಲಿ ಒಂದು ಹ್ಯಾಶ್‌ಟ್ಯಾಗ್ ಒತ್ತಿದರೆ ಮೂರು ಪೋಸ್ಟ್ ಕಾಣುತ್ತವೆ, ಅದೇ ಟ್ಯಾಗ್ ದೊಡ್ಡ ಸರ್ವರ್‌ನಲ್ಲಿ ಮುನ್ನೂರು ತೋರಿಸುತ್ತದೆ. ಹೊಸಬರು ‘ಇಲ್ಲಿ ಯಾರೂ ಇಲ್ಲ’ ಎಂದುಕೊಂಡು ಎದ್ದುಹೋಗುತ್ತಾರೆ. ಇದಕ್ಕೆ ಮದ್ದಿದೆ: ಸರ್ವರ್ ತೆರೆದ ಮೊದಲ ವಾರದಲ್ಲೇ ಒಂದು ‘ಕಿವಿ’ ಖಾತೆ ಮಾಡಿ, ಕನ್ನಡದಲ್ಲಿ ಬರೆಯುವ ಎಲ್ಲ ಖಾತೆಗಳನ್ನೂ ಅದರಿಂದ ಫಾಲೋ ಮಾಡಿಸಿ. ಆ ಒಂದು ಖಾತೆಯ ದೆಸೆಯಿಂದ ಅಷ್ಟೂ ಪೋಸ್ಟ್‌ಗಳು ಉಳಿದವರ ಹುಡುಕಾಟಕ್ಕೂ ಸಿಗುತ್ತವೆ. ಪಟ್ಟಿಯನ್ನು ಸಿಎಸ್‌ವಿ ಎಂಬ ಬಗೆಯ ಫೈಲಾಗಿ ಇಟ್ಟುಕೊಂಡು ಹೊಸಬರಿಗೆ ಕೊಟ್ಟರೆ ಅವರು ಒಂದೇ ಸಲಕ್ಕೆ ಇಂಪೋರ್ಟ್ ಮಾಡಿಕೊಳ್ಳಬಹುದು.

ಎರಡನೆಯದು ಒಬ್ಬರೇ ಅಡ್ಮಿನ್ ಇರುವ ಅಪಾಯ. ಒಬ್ಬರೇ ನಡೆಸುತ್ತಿದ್ದ ಮ್ಯಾಸ್ಟೊಡಾನ್ ಡಾಟ್ ಟೆಕ್ನಾಲಜಿ ಎಂಬ ಹೆಸರುವಾಸಿ ಸರ್ವರ್ ಮುಚ್ಚುವ ಸುದ್ದಿ ಬಂದದ್ದು 2022ರ ಅಕ್ಟೋಬರ್‌ನಲ್ಲಿ, ಜನ ಒಳಗೆ ನುಗ್ಗುವ ಹೊತ್ತಿಗೆ ಸರಿಯಾಗಿ. ದುಡ್ಡಿದ್ದವರೂ ಉಳಿಯಲಿಲ್ಲ, ಫೈರ್‌ಫಾಕ್ಸ್ ಬ್ರೌಸರ್ ಮಾಡುವ ಮೊಜಿಲ್ಲಾದ ಸರ್ವರ್ 2024ರ ಡಿಸೆಂಬರ್‌ನಲ್ಲಿ ಮುಚ್ಚಿತು. ಡೊಮೇನ್‌ನ ಬಾಲವೂ ಮುಖ್ಯ. ಅಫ್ಘಾನಿಸ್ತಾನದ ‘ಡಾಟ್ ಎಎಫ್’ ಬಾಲ ಹಚ್ಚಿಕೊಂಡಿದ್ದ ಒಂದು ಸರ್ವರ್ 2024ರ ಫೆಬ್ರುವರಿಯಲ್ಲಿ ತಾಲಿಬಾನ್ ಆಡಳಿತ ಡೊಮೇನನ್ನೇ ಕಿತ್ತುಕೊಂಡದ್ದರಿಂದ ರಾತ್ರೋರಾತ್ರಿ ಕಾಣೆಯಾಯಿತು. ಚಂದ ಕಾಣುತ್ತದೆಂದು ಯಾವುದೋ ದೇಶದ ಬಾಲ ತೆಗೆದುಕೊಳ್ಳಬೇಡಿ.

ಮೂರನೆಯದನ್ನು ಜನ ಮರೆಯುತ್ತಾರೆ: ಗುಟ್ಟು. ಮ್ಯಾಸ್ಟೊಡಾನ್‌ನ ಖಾಸಗಿ ಸಂದೇಶ ಎನ್‌ಕ್ರಿಪ್ಟ್ ಆಗಿರುವುದಿಲ್ಲ, ಎರಡೂ ಕಡೆಯ ಅಡ್ಮಿನ್‌ಗಳು ಬೇಕೆಂದರೆ ಓದಬಹುದು. 2023ರ ಮೇನಲ್ಲಿ ಅಮೆರಿಕದ ಎಫ್‌ಬಿಐ ಬೇರೆ ಯಾವುದೋ ತನಿಖೆಗೆ ಕೊಲೆಕ್ಟಿವಾ ಎಂಬ ಮ್ಯಾಸ್ಟೊಡಾನ್ ಸರ್ವರ್‌ನ ಒಬ್ಬ ಅಡ್ಮಿನ್ ಮನೆ ಶೋಧಿಸಿದಾಗ, ಅಲ್ಲಿದ್ದ ಡೇಟಾಬೇಸ್‌ನ ಪ್ರತಿಯೂ ಸಿಕ್ಕಿತು. ಬೀಗ ಹಾಕದ ಪ್ರತಿ. ಮನೆಮಂದಿಯಂಥ ಸರ್ವರ್‌ನಲ್ಲಿ ಅಡ್ಮಿನ್ ನೆಂಟನೇ ಆಗಿರಬಹುದು. ನೆಂಟ ಓದಬಾರದ ಮಾತನ್ನು ಸಿಗ್ನಲ್ ಆ್ಯಪ್‌ನಲ್ಲಿ ಆಡಿ. ಬ್ಲೂಸ್ಕೈನಲ್ಲಿ ಇನ್ನೊಂದು ಬಗೆ: ನೀವು ಯಾರನ್ನು ಬ್ಲಾಕ್ ಮಾಡಿದ್ದೀರಿ ಎನ್ನುವುದು ಸಾರ್ವಜನಿಕ ದಾಖಲೆ. ಹುಡುಕುವವರಿಗೆ ಕಾಣುತ್ತದೆ.

ಕನ್ನಡದಲ್ಲಿ ಬರೆಯುವಾಗ

ಮ್ಯಾಸ್ಟೊಡಾನ್‌ನಲ್ಲಿ ಒಂದು ಪೋಸ್ಟ್‌ಗೆ 500 ಅಕ್ಷರ, ಬ್ಲೂಸ್ಕೈನಲ್ಲಿ 300. ಎರಡೂ ಕಡೆ ಎಣಿಕೆ ಕಣ್ಣಿಗೆ ಕಾಣುವ ಅಕ್ಷರದ ಲೆಕ್ಕದಲ್ಲಿ. ‘ಕಿ’ ಎನ್ನುವುದು ಒಂದೇ. ಒತ್ತಕ್ಷರ ಮಾತ್ರ ಸಾಮಾನ್ಯವಾಗಿ ಬಿಡಿಬಿಡಿಯಾಗಿ ಎಣಿಕೆಯಾಗುತ್ತದೆ, ಹಾಗಾಗಿ ‘ಸ್ತ್ರೀ’ ಮೂರು ತಿನ್ನುತ್ತದೆ. ಮ್ಯಾಸ್ಟೊಡಾನ್‌ನಲ್ಲಿ ಲಿಂಕ್ ಎಷ್ಟೇ ಉದ್ದವಿದ್ದರೂ 23 ಎಂದೇ ಲೆಕ್ಕ. ಒಂದು ಪುಸ್ತಕದ ಬಗ್ಗೆ ನಾಲ್ಕು ಮಾತು ಬರೆಯುವವರಿಗೆ 500 ಸಾಕಾಗುತ್ತದೆ, 300 ಉಸಿರು ಕಟ್ಟಿಸುತ್ತದೆ.

ಹ್ಯಾಶ್‌ಟ್ಯಾಗ್ ಆಯುವಾಗ ಒಂದು ಬಲೆ ಇದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಅರ್ಧಾಕ್ಷರದ ನಂತರ ಕೆಲವು ಕೀಬೋರ್ಡ್‌ಗಳು ಕಣ್ಣಿಗೆ ಕಾಣದ ಒಂದು ಅಕ್ಷರ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ನೋಡುವವರಿಗೆ ಹೆಚ್ಚುಕಡಿಮೆ ಒಂದೇ, ಯಂತ್ರಕ್ಕೆ ಎರಡು ಬೇರೆ ಟ್ಯಾಗ್. ಇಂಗ್ಲಿಷ್ ಮೂಲದ ಪದಗಳನ್ನು ಬಿಟ್ಟು ‘ಪುಸ್ತಕ’, ‘ಅಡುಗೆ’, ‘ಯಕ್ಷಗಾನ’ದಂಥ ಪದ ಆರಿಸಿಕೊಂಡರೆ ಈ ಪೇಚು ಇಲ್ಲ. ವಿಭಕ್ತಿ ಹಚ್ಚಬೇಡಿ: ‘ಪುಸ್ತಕದಲ್ಲಿ’ ಎಂದು ಟ್ಯಾಗ್ ಮಾಡಿದರೆ ‘ಪುಸ್ತಕ’ ಹುಡುಕುವವರಿಗೆ ಸಿಗುವುದಿಲ್ಲ. ಪೂರ್ಣಪಠ್ಯದ ಹುಡುಕಾಟದಲ್ಲೂ ಇದೇ ಗೋಳು. ಅದಕ್ಕೆ ಸರ್ವರ್‌ನಲ್ಲಿ ಎಲಾಸ್ಟಿಕ್‌ಸರ್ಚ್ ಎಂಬ ಹುಡುಕಾಟದ ತಂತ್ರಾಂಶ ಬೇರೆ ಹಾಕಬೇಕು, ಹಾಕಿದರೂ ಕನ್ನಡದ ಪ್ರತ್ಯಯಗಳನ್ನು ಬಿಡಿಸಿ ನೋಡುವ ಜಾಣತನ ಅದಕ್ಕೆ ತಾನಾಗಿ ಇಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಪೋಸ್ಟ್ ಬರೆಯುವ ಪೆಟ್ಟಿಗೆಯ ಕೆಳಗಿರುವ ಭಾಷೆಯ ಗುರುತು. ಅದು ಇಂಗ್ಲಿಷ್ ಎಂದೇ ಇದ್ದರೆ, ಕನ್ನಡ ಮಾತ್ರ ತೋರಿಸು ಎಂದು ಹೇಳಿಟ್ಟವರಿಗೆ ನಿಮ್ಮ ಪೋಸ್ಟ್ ಕಾಣುವುದಿಲ್ಲ, ಅನುವಾದದ ಗುಂಡಿಯೂ ಎಡವುತ್ತದೆ. ಬ್ಲೂಸ್ಕೈನಲ್ಲಿ ಯಾರು ಬೇಕಾದರೂ ಕಸ್ಟಮ್ ಫೀಡ್ ಕಟ್ಟಬಹುದು. ಭಾಷೆಯ ಗುರುತು ಕನ್ನಡ ಇರುವ ಪೋಸ್ಟ್‌ಗಳನ್ನಷ್ಟೇ ಸೋಸಿ ಕೊಡುವ ಫೀಡ್ ಒಂದಿದ್ದರೆ, ಜಾತ್ರೆಯ ನಡುವೆಯೇ ಕನ್ನಡದ ಜಗಲಿ ಹಾಕಿದಂತೆ. ಈ ಒಂದು ವಿಷಯದಲ್ಲಿ ಬ್ಲೂಸ್ಕೈ ಮ್ಯಾಸ್ಟೊಡಾನ್‌ಗಿಂತ ಸ್ಪಷ್ಟವಾಗಿ ಮುಂದಿದೆ.

ಮಾಡರೇಷನ್‌ನಲ್ಲಿ ಲೆಕ್ಕ ತಿರುಗುತ್ತದೆ. ಹೊರದೇಶದ ದೊಡ್ಡ ಸರ್ವರ್‌ಗೆ ‘ಈತ ಜಾತಿ ಹಿಡಿದು ಬೈದಿದ್ದಾನೆ’ ಎಂದು ದೂರು ಕೊಟ್ಟರೆ, ಓದುವವರಿಗೆ ಕನ್ನಡ ಬರಬೇಕಲ್ಲ? ಯಂತ್ರಾನುವಾದದಲ್ಲಿ ಬೈಗುಳ ಎಷ್ಟೋ ಸಲ ತರಕಾರಿಯೋ ಪ್ರಾಣಿಯೋ ಆಗಿ ಹೊರಬರುತ್ತದೆ. ವ್ಯಂಗ್ಯ ಹೊರಬರುವುದೇ ಇಲ್ಲ. ಕನ್ನಡ ಬಲ್ಲ ಮೂರು ಜನ ಕಾಯುವ ಸಣ್ಣ ಸರ್ವರ್ ಈ ಕೆಲಸವನ್ನು ಯಾವ ದೊಡ್ಡ ಕಂಪನಿಗಿಂತಲೂ ಚೆನ್ನಾಗಿ ಮಾಡುತ್ತದೆ.

ಯಾರಿಗೆ ಯಾವುದು

ಒಬ್ಬರೇ ಬರೆಯುವವರು, ಓದುಗರು ಬೇಕೆನ್ನುವವರು: ಸರ್ವರ್ ಹಾಕುವ ಉಸಾಬರಿ ಬೇಡ. ಈಗಾಗಲೇ ಸ್ವಂತ ಡೊಮೇನ್‌ನಲ್ಲಿ ವರ್ಡ್‌ಪ್ರೆಸ್ ಬ್ಲಾಗ್ ಇದ್ದರೆ ಅದಕ್ಕೆ ಆಕ್ಟಿವಿಟಿಪಬ್ ಪ್ಲಗಿನ್ ಹಾಕಿ. ಬ್ಲಾಗೇ ಒಂದು ಖಾತೆಯಾಗುತ್ತದೆ, ಮ್ಯಾಸ್ಟೊಡಾನ್‌ನವರು ಅದನ್ನು ಫಾಲೋ ಮಾಡಬಹುದು, ಅವರ ಉತ್ತರಗಳು ಬ್ಲಾಗಿನ ಕಮೆಂಟ್‌ಗಳಾಗಿ ಬರುತ್ತವೆ. ಕೆಟ್ಟರೆ ಸಾಮಾನ್ಯವಾಗಿ ಕೆಡುವುದು ಎರಡೇ ಕಡೆ. ಕ್ಯಾಶ್ ಪ್ಲಗಿನ್ (ಪುಟಗಳ ಸಿದ್ಧ ಪ್ರತಿ ಇಟ್ಟುಕೊಂಡು ಬೇಗ ಕೊಡುವಂಥದ್ದು), ಯಂತ್ರ ಕೇಳಿದ ಮಾಹಿತಿಯ ಬದಲು ಮನುಷ್ಯರಿಗೆ ತೋರಿಸುವ ಪುಟವನ್ನೇ ಎತ್ತಿಕೊಡುತ್ತದೆ. ಅಥವಾ ಭದ್ರತೆಯ ಪ್ಲಗಿನ್, ಖಾತೆ ಹುಡುಕುವ ವೆಬ್‌ಫಿಂಗರ್ ವಿಳಾಸವನ್ನೇ ತಡೆಯುತ್ತದೆ. ವರ್ಡ್‌ಪ್ರೆಸ್ ಅನ್ನು ಡೊಮೇನ್‌ನ ಬುಡದಲ್ಲಿ ಹಾಕದೆ ಒಳಗಿನ ಫೋಲ್ಡರ್‌ನಲ್ಲಿ ಹಾಕಿದ್ದರೂ ವೆಬ್‌ಫಿಂಗರ್ ಸಿಗುವುದಿಲ್ಲ. ಜೊತೆಗೆ ಕ್ಯಾಶ್ ಬೇಡವೆಂದು ಪೂರಾ ಕಿತ್ತುಹಾಕಬೇಡಿ: ನಿಮ್ಮ ಲಿಂಕನ್ನು ದೊಡ್ಡ ಖಾತೆಯೊಂದು ಹಂಚಿಕೊಂಡರೆ, ಅದು ತಲುಪಿದ ಪ್ರತಿ ಸರ್ವರ್ ಮುನ್ನೋಟದ ಚಿತ್ರಕ್ಕಾಗಿ ನಿಮ್ಮ ಸೈಟಿನ ಕದ ತಟ್ಟುತ್ತದೆ. ಒಂದೇ ನಿಮಿಷದಲ್ಲಿ ನೂರಾರು ಸಲ. ಅಗ್ಗದ ಹೋಸ್ಟಿಂಗ್ ಅಲ್ಲೇ ಮಲಗುತ್ತದೆ.

ಬ್ಲಾಗ್ ಇಲ್ಲದವರು ಬ್ಲೂಸ್ಕೈನಲ್ಲಿ ಖಾತೆ ತೆರೆದು ಹೆಸರಿಗೆ ಸ್ವಂತ ಡೊಮೇನ್ ಹಚ್ಚಿಕೊಳ್ಳಲಿ. ಸೆಟ್ಟಿಂಗ್ಸ್‌ನಲ್ಲಿ ಹ್ಯಾಂಡಲ್ ಬದಲಿಸುವಲ್ಲಿ ‘ನನ್ನದೇ ಡೊಮೇನ್ ಇದೆ’ ಎಂಬುದನ್ನು ಒತ್ತಿದರೆ ಒಂದು ಸಾಲು ಸಿಗುತ್ತದೆ. ಅದನ್ನು ಡೊಮೇನ್‌ನ ವಿಳಾಸಪಟ್ಟಿಯಾದ ಡಿಎನ್‌ಎಸ್‌ನಲ್ಲಿ ಟಿಎಕ್ಸ್‌ಟಿ ಎಂಬ ದಾಖಲೆಯಾಗಿ ಸೇರಿಸಬೇಕು, ಸ್ವಲ್ಪ ಹೊತ್ತು ಕಾದು ‘ಪರಿಶೀಲಿಸು’ ಒತ್ತಬೇಕು. ಡೊಮೇನ್‌ಗೆ ವರ್ಷದ ದುಡ್ಡು ಕಟ್ಟಲು ಮರೆತರೆ ಹೆಸರು ‘ಅಸಿಂಧು’ ಎಂದು ತೋರಿಸುತ್ತದೆ, ಆದರೆ ಖಾತೆ, ಫಾಲೋವರ್‌ಗಳು ಉಳಿಯುತ್ತಾರೆ, ಏಕೆಂದರೆ ಒಳಗಿನ ಗುರುತು ಬೇರೆ. ಜಿಯೊದಿಂದ ಏರ್‌ಟೆಲ್‌ಗೆ ನಂಬರ್ ಪೋರ್ಟ್ ಮಾಡಿದಂತೆ ಇಲ್ಲಿ ಪಿಡಿಎಸ್ ಬದಲಿಸಬಹುದು, ಹಳೆಯ ಬರಹವೂ ಜೊತೆಗೆ ಬರುತ್ತದೆ. ಮ್ಯಾಸ್ಟೊಡಾನ್‌ನಲ್ಲಿ ಸರ್ವರ್ ಬದಲಿಸುವುದು ಹೊಸ ನಂಬರ್ ತೆಗೆದುಕೊಂಡು ಎಲ್ಲರಿಗೂ ಮೆಸೇಜ್ ಕಳಿಸಿದಂತೆ; ಫಾಲೋವರ್‌ಗಳು ಬರುತ್ತಾರೆ, ಬರಹ ಹಳೆಯ ಮನೆಯಲ್ಲೇ ಉಳಿಯುತ್ತದೆ.

ಪತ್ರಿಕೆ, ಪ್ರಕಾಶನ, ವಿಶ್ವವಿದ್ಯಾಲಯ, ಸರ್ಕಾರಿ ಇಲಾಖೆ: ಇವರಿಗೆ ಸ್ವಂತ ಮ್ಯಾಸ್ಟೊಡಾನ್ ಸರ್ವರ್ ಒಳ್ಳೆಯದು, ನೋಂದಣಿ ಮಾತ್ರ ಸಂಸ್ಥೆಯವರಿಗಷ್ಟೇ. ವಿಳಾಸದ ಬಾಲದಲ್ಲಿ ಸಂಸ್ಥೆಯ ಡೊಮೇನ್ ಇರುವುದರಿಂದ ನಕಲಿ ಖಾತೆಯ ಭಯ ಕಡಿಮೆ, ನೀಲಿ ಟಿಕ್ಕಿಗೆ ಯಾರ ಮುಂದೆಯೂ ನಿಲ್ಲಬೇಕಿಲ್ಲ. ಜರ್ಮನಿ, ನೆದರ್‌ಲೆಂಡ್ಸ್ ಸರ್ಕಾರಗಳು ಹೀಗೇ ಮಾಡಿವೆ. ಬಿಬಿಸಿ 2023ರಲ್ಲಿ ಪ್ರಯೋಗಕ್ಕಿಳಿಯಿತು. ಹೊರಗಿನ ಓದುಗರಿಗಾಗಿ ಥ್ರೆಡ್ಸ್‌ನಲ್ಲೂ ಒಂದು ಖಾತೆ ಇರಲಿ, ಮೂಲ ಮಾತ್ರ ತಮ್ಮಲ್ಲಿರಲಿ.

ಮೂವತ್ತರಿಂದ ಮುನ್ನೂರು ಜನರ ಬಳಗ: ಓದುಗರ ಕೂಟ, ವಿಜ್ಞಾನ ಬರೆಯುವವರು, ಊರು ಬಿಟ್ಟು ಹೊರದೇಶದಲ್ಲಿರುವ ಕನ್ನಡ ಕೂಟ. ಜಗಲಿ ಹೊಂದುವುದು ಇವರಿಗೇ. ಹೇಗೆ ನಡೆಸಬೇಕು ಎನ್ನುವುದು ಕೆಳಗಿದೆ.

ಗುರುತು ಬಯಲಾದರೆ ಪ್ರಾಣಕ್ಕೋ ಕೆಲಸಕ್ಕೋ ಕುತ್ತು ಬರುವವರು: ಇವರಿಗೆ ಜಗಲಿ ಬೇಡ. ಸಣ್ಣ ಸರ್ವರ್‌ನಲ್ಲಿ ‘ಇದು ಇಂಥವರೇ’ ಎಂದು ಊಹಿಸುವುದು ಸುಲಭ. ಅಳಿಸಿದ ಪೋಸ್ಟ್ ಬೇರೆ ಸರ್ವರ್‌ಗಳಿಂದಲೂ ಅಳಿಯುತ್ತದೆ ಎಂಬ ಖಾತರಿಯಿಲ್ಲ. ಅಳಿಸು ಎಂಬ ಕೋರಿಕೆ ಹೋಗುತ್ತದೆ, ಪಾಲಿಸುವುದು ಅವರಿಗೆ ಬಿಟ್ಟದ್ದು. ಇವರಿಗೆ ದೊಡ್ಡ ಸರ್ವರ್‌ನ ಜನಜಂಗುಳಿಯೇ ಮರೆ.

ಎರಡೂ ಕಡೆ ಕಾಲಿಡಬೇಕೆನ್ನುವವರಿಗೆ ಬ್ರಿಡ್ಜಿ ಫೆಡ್ ಎಂಬ ಸೇತುವೆ ಇದೆ. ಮ್ಯಾಸ್ಟೊಡಾನ್‌ನಿಂದ ಅದರ ಬ್ಲೂಸ್ಕೈ ಸೇತುವೆ ಖಾತೆಯನ್ನು ಫಾಲೋ ಮಾಡಿದರೆ, ಅದು ತಿರುಗಿ ನಿಮ್ಮನ್ನು ಫಾಲೋ ಮಾಡುತ್ತದೆ, ಅಲ್ಲಿಂದ ಮುಂದೆ ನಿಮ್ಮ ಪೋಸ್ಟ್‌ಗಳು ಬ್ಲೂಸ್ಕೈನಲ್ಲೂ ಕಾಣುತ್ತವೆ. 300 ದಾಟಿದ ಪೋಸ್ಟ್ ಅಲ್ಲಿ ಮೊಟಕಾಗುತ್ತದೆ. ಮುಖ್ಯ ಮಾತನ್ನು ಮೊದಲ ಎರಡು ವಾಕ್ಯದಲ್ಲೇ ಮುಗಿಸುವ ಅಭ್ಯಾಸ ಒಳ್ಳೆಯದು.

ಜಗಲಿ ಕಟ್ಟುವವರಿಗೆ

ಯಂತ್ರ: ನೂರು ಜನ ದಿನಾ ಬಳಸುವ ಮ್ಯಾಸ್ಟೊಡಾನ್‌ಗೆ 2 ಕೋರ್, 4 ಜಿಬಿ ರ್‍ಯಾಮ್, 80 ಜಿಬಿ ಡಿಸ್ಕ್ ಇರುವ ಬಾಡಿಗೆ ಸರ್ವರ್ ಸಾಕು, ಕಂಪನಿ ನೋಡಿಕೊಂಡು ತಿಂಗಳಿಗೆ ಸಾವಿರದ ಒಳಗಿಂದ ಎರಡು ಸಾವಿರ ರೂಪಾಯಿಯ ಆಸುಪಾಸು. ಡಿಸ್ಕ್ ತುಂಬುವುದು ನಿಮ್ಮವರ ಚಿತ್ರಗಳಿಂದಲ್ಲ, ಬೇರೆ ಸರ್ವರ್‌ಗಳಿಂದ ಬಂದ ಚಿತ್ರಗಳ ನಕಲಿನಿಂದ. ಅಡ್ಮಿನ್ ಪುಟದಲ್ಲಿ ಈ ನಕಲು 7 ದಿನಕ್ಕೆ ಅಳಿಯುವಂತೆ ಮೊದಲ ದಿನವೇ ಹೇಳಿಡಿ. ಇಲ್ಲವಾದರೆ ಡಿಸ್ಕ್ ತುಂಬಿ ಡೇಟಾಬೇಸ್ ನಿಲ್ಲುವುದು ಖಚಿತ, ಅದೂ ಬಹುತೇಕ ಹಬ್ಬದ ದಿನವೇ. ನಾಲ್ಕೈದು ಜನರಷ್ಟೇ ಇದ್ದರೆ ಮ್ಯಾಸ್ಟೊಡಾನ್ ಬಿಟ್ಟು ಗೋಟುಸೋಷಿಯಲ್ ನೋಡಿ. 1 ಜಿಬಿ ರ್‍ಯಾಮ್ ಸಾಕು, ಒಂದೇ ಫೈಲಿನ ತಂತ್ರಾಂಶ, ಮ್ಯಾಸ್ಟೊಡಾನ್‌ನ ಮೊಬೈಲ್ ಆ್ಯಪ್‌ಗಳೇ ಅದಕ್ಕೂ ಆಗುತ್ತವೆ. ಬ್ಲೂಸ್ಕೈ ಪಿಡಿಎಸ್ ಕೂಡ ಇಪ್ಪತ್ತು ಜನರವರೆಗೆ 1 ಜಿಬಿ ರ್‍ಯಾಮ್, 20 ಜಿಬಿ ಡಿಸ್ಕ್‌ನಲ್ಲಿ ನಡೆಯುತ್ತದೆ.

ಡೊಮೇನ್ ಹೆಸರನ್ನು ಒಮ್ಮೆ ಇಟ್ಟ ಮೇಲೆ ಬದಲಿಸುವ ಹಾಗಿಲ್ಲ. ಖಾತೆಗಳ ಗುರುತೇ ಅದಕ್ಕೆ ಅಂಟಿಕೊಂಡಿರುತ್ತದೆ. ಹೆಸರಿನ ಜಗಳ ಮುಗಿಸಿಕೊಂಡೇ ಇನ್‌ಸ್ಟಾಲ್‌ಗೆ ಕೂರಿ. ನೋಂದಣಿ ಖಚಿತಪಡಿಸುವ ಇಮೇಲ್‌ಗಳನ್ನು ನಿಮ್ಮದೇ ಯಂತ್ರದಿಂದ ಕಳಿಸಲು ಹೋಗಬೇಡಿ. ಹೆಚ್ಚಿನ ಬಾಡಿಗೆ ಸರ್ವರ್‌ಗಳಲ್ಲಿ ಇಮೇಲ್ ಹೊರಡುವ 25ನೇ ಪೋರ್ಟ್ ಮುಚ್ಚಿರುತ್ತದೆ, ಹೋದರೂ ಸ್ಪ್ಯಾಮ್ ಡಬ್ಬಿಗೇ ಬೀಳುತ್ತದೆ. ಇಮೇಲ್ ಕಳಿಸುವ ಸೇವೆಯೊಂದನ್ನು ಕೊಳ್ಳಿ.

ಜನ: ಕನಿಷ್ಠ ಮೂರು ಮಾಡರೇಟರ್, ಸರ್ವರ್‌ನ ಪಾಸ್‌ವರ್ಡ್ ಗೊತ್ತಿರುವವರು ಕನಿಷ್ಠ ಇಬ್ಬರು. ಮೈಸೂರಿನಲ್ಲಿ ಇಬ್ಬರು, ನ್ಯೂಜೆರ್ಸಿಯಲ್ಲೋ ಸ್ಯಾನ್ ಹೋಸೆಯಲ್ಲೋ ಒಬ್ಬರು ಇದ್ದರೆ ರಾತ್ರಿಯ ಪಾಳಿ ತಾನಾಗಿ ಮುಗಿಯಿತು. ನೋಂದಣಿಯನ್ನು ಒಪ್ಪಿಗೆಯ ಮೇಲೆ ಇಡಿ, ‘ಯಾಕೆ ಸೇರಬೇಕೆಂದಿದ್ದೀರಿ, ಕನ್ನಡದಲ್ಲಿ ಎರಡು ಸಾಲು ಬರೆಯಿರಿ’ ಎಂದು ಕೇಳಿ. ಹೆಚ್ಚಿನ ಬಾಟ್‌ಗಳು ಅಲ್ಲೇ ಉದುರುತ್ತವೆ. ಬರೆಯಬಲ್ಲ ಬಾಟ್‌ನ ಎರಡು ಸಾಲು ಸರಕಾರಿ ಸುತ್ತೋಲೆಯಂತಿರುತ್ತದೆ, ಕಣ್ಣಿಗೆ ಹೊಡೆಯುತ್ತದೆ. ಬೇರೆ ಸರ್ವರ್ ತೊಂದರೆ ಕೊಟ್ಟರೆ ನೇರ ಅಮಾನತಿಗೆ ಹೋಗಬೇಡಿ. ಅಮಾನತಾದರೆ ಎರಡೂ ಕಡೆಯ ಫಾಲೋ ಸಂಬಂಧಗಳು ಕಡಿದುಹೋಗುತ್ತವೆ, ಮನಸ್ಸು ಬದಲಿಸಿದರೂ ತಾವಾಗಿ ಕೂಡಿಕೊಳ್ಳುವುದಿಲ್ಲ. ಮೊದಲು ‘ಮಿತಿ’ ಹಾಕಿ. ಫಾಲೋ ಮಾಡಿದವರಿಗಷ್ಟೇ ಅಲ್ಲಿನ ಪೋಸ್ಟ್ ಕಾಣುತ್ತದೆ.

ಕಾನೂನು: ಸರ್ವರ್ ನಡೆಸುವವರು ಐಟಿ ಕಾಯ್ದೆಯ ಲೆಕ್ಕದಲ್ಲಿ ‘ಮಧ್ಯವರ್ತಿ’. 2021ರ ಐಟಿ ನಿಯಮಗಳ ಪ್ರಕಾರ ದೂರು ಸ್ವೀಕರಿಸುವ ಅಧಿಕಾರಿಯ ಹೆಸರು, ಸಂಪರ್ಕ ಪ್ರಕಟಿಸಬೇಕು, ದೂರು ಬಂದ 24 ಗಂಟೆಯೊಳಗೆ ಬಂತೆಂದು ತಿಳಿಸಬೇಕು. ಭಾರತದಲ್ಲಿ 50 ಲಕ್ಷ ನೋಂದಾಯಿತ ಬಳಕೆದಾರರಿಗಿಂತ ಕಡಿಮೆ ಇರುವವರಿಗೆ ಅನುಪಾಲನಾ ಅಧಿಕಾರಿ ಮುಂತಾದ ದೊಡ್ಡ ಹೊರೆ ಇಲ್ಲ. ಸಣ್ಣದಾಗಿರುವುದರ ನಿಜವಾದ ಲಾಭಗಳಲ್ಲಿ ಇದೊಂದು. ಆದೇಶ ಬಂದಾಗ ಬರಹ ತೆಗೆಯಬೇಕಾದ ಗಡುವು ಗಂಟೆಗಳ ಲೆಕ್ಕದ್ದು, ಅಡ್ಮಿನ್ ಊರಿನಲ್ಲಿಲ್ಲ ಎನ್ನುವುದು ಉತ್ತರವಾಗುವುದಿಲ್ಲ.

ಹೊರಡುವ ದಾರಿ

ಸೇರುವ ಮುಂಚೆ ಹೊರಡುವ ದಾರಿ ನೋಡಿಕೊಳ್ಳಿ. ಆರ್ಕುಟ್ 2014ರಲ್ಲಿ, ಗೂಗಲ್ ಪ್ಲಸ್ 2019ರಲ್ಲಿ ಮುಚ್ಚಿದವು. ಬೆಂಗಳೂರಿನಲ್ಲೇ ಹುಟ್ಟಿ ಕನ್ನಡದಿಂದಲೇ ಶುರುವಾಗಿದ್ದ ‘ಕೂ’ ಎಂಬ ಜಾಲ 2024ರ ಜುಲೈನಲ್ಲಿ ಬಾಗಿಲು ಹಾಕಿದಾಗ, ಅಲ್ಲಿ ಕಟ್ಟಿಕೊಂಡ ಓದುಗ ಬಳಗವನ್ನು ಎತ್ತಿಕೊಂಡು ಬೇರೆಡೆಗೆ ಹೋಗುವ ಉಪಾಯ ಬರಹಗಾರರಿಗೆ ಇರಲಿಲ್ಲ. ಬಹಳ ಜನ ಇದ್ದದ್ದೂ, ನಮ್ಮೂರಿನದೇ ಆಗಿದ್ದದ್ದೂ ಅದನ್ನು ಕಾಯಲಿಲ್ಲ.

ಮ್ಯಾಸ್ಟೊಡಾನ್‌ನಲ್ಲಿ ಹೊರಡುವ ಕ್ರಮ ಹೀಗೆ. ಹೊಸ ಸರ್ವರ್‌ನಲ್ಲಿ ಖಾತೆ ತೆರೆದು, ಖಾತೆಯ ಸೆಟ್ಟಿಂಗ್ಸ್‌ನಲ್ಲಿ ‘ಬೇರೆ ಖಾತೆಯಿಂದ ಬರುತ್ತಿದ್ದೇನೆ’ ಎಂಬಲ್ಲಿ ಹಳೆಯ ವಿಳಾಸ ಕೊಡಿ. ಆಮೇಲೆ ಹಳೆಯ ಖಾತೆಗೆ ಹೋಗಿ ‘ಬೇರೆ ಖಾತೆಗೆ ಹೋಗುತ್ತೇನೆ’ ಎಂಬಲ್ಲಿ ಹೊಸ ವಿಳಾಸ, ಪಾಸ್‌ವರ್ಡ್ ಹಾಕಿ. ಫಾಲೋವರ್‌ಗಳು ಕೆಲವು ಗಂಟೆಗಳಲ್ಲಿ ತಾವಾಗಿ ಬರುತ್ತಾರೆ. ನೀವು ಫಾಲೋ ಮಾಡುವವರು, ಬ್ಲಾಕ್ ಪಟ್ಟಿ, ಬುಕ್‌ಮಾರ್ಕ್‌ಗಳನ್ನು ಸಿಎಸ್‌ವಿಯಾಗಿ ಇಳಿಸಿಕೊಂಡು ಹೊಸದರಲ್ಲಿ ಏರಿಸಬೇಕು. ಒಮ್ಮೆ ಹೋದರೆ 30 ದಿನ ಮತ್ತೆ ಹೋಗುವಂತಿಲ್ಲ. ಇಷ್ಟೂ ನಡೆಯುವುದು ಹಳೆಯ ಸರ್ವರ್ ಉಸಿರಾಡುತ್ತಿದ್ದರೆ ಮಾತ್ರ. ಹಾಗಾಗಿ ಮುಚ್ಚುವ ಮುಂಚೆ ಮೂರು ತಿಂಗಳ ನೋಟಿಸ್, ದಿನಾ ಬ್ಯಾಕಪ್ ಎಂದು ಮ್ಯಾಸ್ಟೊಡಾನ್ ಯೋಜನೆಗೆ ಮಾತು ಕೊಟ್ಟ ಸರ್ವರ್‌ಗಳ ಪಟ್ಟಿಯಿಂದಲೇ ಆರಿಸಿಕೊಳ್ಳಿ. ಅದು ಮ್ಯಾಸ್ಟೊಡಾನ್‌ನ ಅಧಿಕೃತ ತಾಣದಲ್ಲಿದೆ.

ಸರ್ವರ್ ನಡೆಸುವವರ ಬ್ಯಾಕಪ್‌ನಲ್ಲಿ ಮೂರು ಇರಲೇಬೇಕು: ಪೋಸ್ಟ್‌ಗ್ರೆಸ್ ಡೇಟಾಬೇಸ್, ನಿಮ್ಮವರು ಏರಿಸಿದ ಚಿತ್ರಗಳು, ಗುಟ್ಟಿನ ಕೀಲಿಗಳಿರುವ ಸೆಟ್ಟಿಂಗ್ಸ್ ಫೈಲ್. ಮೂರನೆಯದನ್ನು ಮರೆತವರು ಡೇಟಾಬೇಸ್ ಇದ್ದೂ ಕೈಕೈ ಹಿಸುಕಿಕೊಳ್ಳುತ್ತಾರೆ. ಪ್ರತಿಯನ್ನು ಎನ್‌ಕ್ರಿಪ್ಟ್ ಮಾಡಿ ಬೇರೆ ಕಂಪನಿಯ ಜಾಗದಲ್ಲಿಡಿ. ಆರು ತಿಂಗಳಿಗೊಮ್ಮೆ ಇನ್ನೊಂದು ಯಂತ್ರವನ್ನು ಒಂದು ದಿನಕ್ಕೆ ಬಾಡಿಗೆ ಹಿಡಿದು ಆ ಪ್ರತಿಯಿಂದ ಸರ್ವರ್ ಎಬ್ಬಿಸಿ ನೋಡಿ. ಆಗ ಸೈಡ್‌ಕಿಕ್ ಮಾತ್ರ ಶುರುಮಾಡಬೇಡಿ: ಅದು ಅಸಲಿ ಸರ್ವರ್‌ನ ಹೆಸರಿನಲ್ಲೇ ಹೊರಗಿನವರಿಗೆ ಕಾಗದ ಹಂಚಲು ಕೂತುಬಿಡುತ್ತದೆ. ವೆಬ್ ಪುಟ ತೆರೆದು, ಲಾಗಿನ್ ಆಗಿ, ಹಳೆಯದೊಂದು ಚಿತ್ರ ಕಂಡರೆ ಸಾಕು. ಆ ಯಂತ್ರವನ್ನು ಅಳಿಸಿಬಿಡಿ.